ಆಶೀರ್ವಾದ ಮಾಡುವ ಸಿಪಾಯಿಗಳು

"ಇನ್ನ ಮ್ಯಾಲೆ ಈ ಕೈ ಬರೇ ಫೈಲಿಗೆ ದಾರ ಕಟ್ಟೂ ಕೈ ಅಲ್ಲ ಯಮುನಾ, ಸೈನ್ಯ ಕಟ್ಟೂ ಕೈ!"

ಎಪ್ಪತ್ಮೂರನೆಯ ಇಸವಿಯ ಬೇಸಿಗೆಯ ಒಂದು ಬೆಳಗ್ಗೆ, ಬೈಲಹೊಂಗಲದ ತಾಲೂಕು ಕಚೇರಿಯ ಗುಮಾಸ್ತ ದಿಗಂಬರರಾಯರು ಪಡಸಾಲೆಯ ನಡುವೆ ನಿಂತು ಹೀಗೆ ಸಾರಿದರು. ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದ ಹೆಂಡತಿ ಯಮುನಾಬಾಯಿ ತಲೆ ಎತ್ತಲಿಲ್ಲ.

"ಮೊದಲ ಆ ಮಣ್ಣಿನ ಕೈ ತೊಳಕೊಳ್ರಿ."

ಸಂಗತಿ ಇಷ್ಟೇ. ಕಿತ್ತೂರಿನಲ್ಲಿ ಸತ್ಯಪ್ಪ ಎಂಬ ನಿವೃತ್ತ ಸುಭೇದಾರರಿದ್ದರು. ಅವರು ಪಲ್ಟಣ ಬಿಟ್ಟಿದ್ದರೂ ಯುದ್ಧ ಅವರನ್ನು ಬಿಟ್ಟಿರಲಿಲ್ಲ. ದೊಡ್ಡ ಮೇಜಿನ ಮೇಲೆ ಉಸುಕಿನ ಗುಡ್ಡ, ರಟ್ಟಿನ ಕೋಟೆ ಮಾಡಿ, ಗೆಳೆಯನೊಬ್ಬನ ಜೊತೆ ಕವಡೆ ಎಸೆದು, ಕಿತ್ತೂರಿಗೂ ಕಂಪನಿ ಸರ್ಕಾರಕ್ಕೂ ದಿನಾ ಕಾಳಗ ಹಚ್ಚುತ್ತಿದ್ದರು. ಸಿಪಾಯಿಗಳ ಜಾಗದಲ್ಲಿ ಮಾತ್ರ ಹುಣಸೆಬೀಜ! ರಾಯರು ಮನೆಯ ಗಣಪತಿಯನ್ನು ಪ್ರತಿ ವರ್ಷ ತಾವೇ ಮಾಡುತ್ತಾರೆಂದು ಕೇಳಿ ಬಂದು, "ಬೆರಳುದ್ದದ ಸಿಪಾಯಿಗೋಳು ಬೇಕ್ರಿ ರಾಯರ. ಆ ಕಡೆ ಇಪ್ಪತ್ತು, ಈ ಕಡೆ ಇಪ್ಪತ್ತು. ಎಲ್ಲಾರೂ ಕಾದಾಡೂ ಹಂಗ ಇರಬೇಕು" ಎಂದಿದ್ದರು. ಹೊರಗಿನವರೊಬ್ಬರು ತಮ್ಮ ಕೈಕೆಲಸ ಕೇಳಿಕೊಂಡು ಬಂದದ್ದು ರಾಯರ ಜನ್ಮದಲ್ಲೇ ಮೊದಲು. ಸಂತೋಷಕ್ಕೆ ಆ ಹೊತ್ತು ಅವರಿಗೆ ಊಟವೇ ಸೇರಲಿಲ್ಲ.

ಯಮುನಾಬಾಯಿ ಒಂದು ಕರಾರು ಹಾಕಿದರು. "ಮಾಡ್ರಿ. ಆದ್ರ ಸುಭೇದಾರರು ಒಲ್ಲೆ ಅಂದ್ರ ಈ ಮಣ್ಣಿನ ಬುಟ್ಟಿ ಮನ್ಯಾಗಿಂದ ಹೊರಗ. ಗಣಪತೀನೂ ಪ್ಯಾಟ್ಯಾಗಿಂದ ತರೂದು."

"ಕಬೂಲ್!" ಎಂದರು ರಾಯರು. ಆದರೆ ಮಣ್ಣಿನ ಬುಟ್ಟಿಯನ್ನು ಮೆಲ್ಲಗೆ ತಮ್ಮ ಹತ್ತಿರ ಎಳೆದುಕೊಂಡರು.

ಎಂಟು ದಿನಕ್ಕೆ ಮೊದಲ ತುಕಡಿ ಹಲಗೆಯ ಮೇಲೆ ಸಾಲಾಗಿ ಕೂತಿತು. ಹೌದು, ಕೂತೇ ಇತ್ತು! ಮೂವತ್ತು ವರ್ಷ ಗಣಪತಿ ಮಾಡಿದ ಕೈಗೆ ಬೇರೆ ನಿಲುವು ಗೊತ್ತಿರಲಿಲ್ಲ. ಎಲ್ಲರಿಗೂ ದುಂಡು ಹೊಟ್ಟೆ, ಮಡಚಿದ ಕಾಲು, ಮೇಲೆತ್ತಿದ ಬಲಗೈ.

"ಇವರು ಗುಂಡು ಹೊಡೀತಾರೋ, ಆಶೀರ್ವಾದ ಮಾಡ್ತಾರೋ?" ಎಂದು ಯಮುನಾಬಾಯಿ ಕೇಳಿದರು. "ನಡುವ ಒಂದು ತಾಟು ಕಡಬು ಇಡ್ರಿ, ಯುದ್ಧ ಅಲ್ಲೇ ಮುಗೀತದ."

ರಾಯರು ಹಟಕ್ಕೆ ಬಿದ್ದು ಸಿಪಾಯಿಗಳನ್ನು ಎಬ್ಬಿಸಿ ನಿಲ್ಲಿಸಿದರು. ಕಾಲು ಮುರಿಯಿತು. ಕೈ ಚಾಚಿಸಿದರು, ಕೈ ಉದುರಿತು. ಒಳಗೆ ತಂತಿ ಇರಬೇಕೆಂದು ಹೊಳೆದದ್ದೇ ತಡ, ಇಕ್ಕಳ ಹಿಡಿದು ಹಿತ್ತಲಿಗೆ ಧಾವಿಸಿದರು. ಅಲ್ಲಿ ಎತ್ತರದಲ್ಲಿ ಒಳ್ಳೆಯ ತಂತಿಯೊಂದು ಬಿಗಿದಿತ್ತು. ಕಟ್!

ಆ ತಂತಿಯ ಮೇಲೆ, ಯಾರೂ ಮುಟ್ಟದಂತೆ ಒಣಗಿಸಿದ ಯಮುನಾಬಾಯಿಯ ಮಡಿಸೀರೆ ಇತ್ತು. ಅದು ನೇರವಾಗಿ ಪಕ್ಕದ ಮನೆಯ ಯಮನಪ್ಪನ ಆಡಿನ ಮೇಲೆ ಬಿತ್ತು. ಆಡು ಸೀರೆ ಹೊದ್ದುಕೊಂಡು ಓಣಿಯತ್ತ ಓಡಿತು.

ಯಮುನಾಬಾಯಿ ಸೆರಗು ಸಿಕ್ಕಿಸಿ, ಮಡಿಕೋಲು ಎತ್ತಿ, ಒಂದು ಕಾಲು ಮುಂದಿಟ್ಟು ಬಂದರು. ಬೇರೆ ಯಾರಾದರೂ ಓಡುತ್ತಿದ್ದರು. ರಾಯರೊಳಗಿನ ಕಲಾವಿದ ಮಾತ್ರ ಆ ಕ್ಷಣದಲ್ಲೇ ಎಚ್ಚತ್ತ!

"ಹಂಗ ನಿಲ್ಲು! ಅಲ್ಲಾಡಬ್ಯಾಡ! ಎಡಗಾಲು ಇನ್ನೊಂದೀಟು ಮುಂದ!"

ಅಂದು ಮಧ್ಯಾಹ್ನ ಕಿತ್ತೂರಿನ ಮೊದಲ ನಿಜವಾದ ವೀರ ಹುಟ್ಟಿದ. ಆಮೇಲೆ ರಾಯರು ದಿನಕ್ಕೊಂದು ಅಪರಾಧ ಮಾಡತೊಡಗಿದರು. ಬಾಗಿ ಗುರಿ ಹಿಡಿಯುವವನು ಬೇಕಾದಾಗ ಹಾಲು ಚೆಲ್ಲಿದರು, ಮೇಲೆ ನುಗ್ಗುವವನಿಗಾಗಿ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಹೋದರು. ಐದನೆಯ ದಿನ ಒದ್ದೆ ಕೈ ಉಪ್ಪಿನಕಾಯಿ ಭರಣಿಯತ್ತ ಹೊರಟಾಗ ಯಮುನಾಬಾಯಿ ನಿಟ್ಟುಸಿರುಬಿಟ್ಟರು.

"ಇವತ್ತ ಯಾವ ಸಿಪಾಯಿ ಕಡಿಮಿ ಬಿದ್ದಾನ್ರಿ? ಉಪ್ಪಿನಕಾಯಿ ಕೆಡಸಬ್ಯಾಡ್ರಿ. ಹೇಳ್ರಿ, ಹಂಗ ನಿಲ್ಲತೇನಿ."

ಹೀಗೆ ಕಿತ್ತೂರಿನ ಇಪ್ಪತ್ತೂ ಮಂದಿ ಸಿದ್ಧರಾದರು. ಕಂಪನಿ ಪಲ್ಟಣಕ್ಕೆ ಬೇರೆ ಯಾರೂ ಸಿಗದೆ ರಾಯರು ಕನ್ನಡಿ ಮುಂದೆ ತಾವೇ ನಿಂತರು.

ಸುಭೇದಾರರು ಬಂದು ಹಲಗೆಯ ಮೇಲೆ ಬಾಗಿ ನೋಡಿದರು. "ವ್ಹಾ! ಏನ್ ಜೋರ್ರೀ ಕಿತ್ತೂರವರದು! ನೋಡಿದ್ರ ನನಗ ಮೈ ಝುಂ ಅಂತೈತಿ." ಆಮೇಲೆ ಇನ್ನೊಂದು ಸಾಲಿಗೆ ಬಂದು ಮುಖ ಸಣ್ಣದು ಮಾಡಿದರು. "ರಾಯರ, ಕಂಪನಿಯವರು ಇಪ್ಪತ್ತೂ ಮಂದಿ ಹಿಂದ ನೋಡಕೋತ ಓಡಾಕ ಹತ್ತ್ಯಾರಲ್ರಿ? ಎರಡೂ ಕಡೆ ಕಸುವಿದ್ರ ಆಟ. ಇವರು ಕವಡಿ ಎಸಿಯೂ ಮೊದಲ ಸೋತಾರ. ಇವರನ್ನ ನಾ ಒಯ್ಯಂಗಿಲ್ರಿ."

ರಾಯರ ಕಣ್ಣು ಮಣ್ಣಿನ ಬುಟ್ಟಿಯ ಮೇಲೆ ಹೋಯಿತು. ಚಹಾ ತಂದ ಯಮುನಾಬಾಯಿ ಗಂಡನ ಮುಖ ನೋಡಿದರು. ಕರಾರಿನಲ್ಲಿ ಗೆದ್ದದ್ದು ಅವರೇ, ಆದರೂ ಸುಭೇದಾರರತ್ತ ತಿರುಗಿದರು.

"ಇನ್ನೊಂದು ಸಲ ಮಾಡ್ತಾರ್ರಿ. ಹೆಂಗ ನಿಂದರಬೇಕು, ಹೇಳಿಕೊಡ್ರಿ" ಎಂದರು.

ಸುಭೇದಾರರು ಯಮುನಾಬಾಯಿಯನ್ನು ನೋಡಿದರು, ಕಿತ್ತೂರಿನ ಸಿಪಾಯಿಗಳನ್ನು ನೋಡಿದರು. ಎಲ್ಲ ತಿಳಿದು ಮೀಸೆಯಲ್ಲೇ ನಕ್ಕರು. "ಭಾಳ ಸರಳ ಐತ್ರಿ ಅಕ್ಕಾರ. ರಾಯರು ನಿಮ್ಮ ಮುಂದ ನಿಂತು ಒಮ್ಮಿ ಜೋರಾಗಿ ಗದರಸಲಿ. ಆ ನಿಲುವು ಸಾಕು ಕಂಪನಿಗೆ."

ಯಮುನಾಬಾಯಿ ತಾಟು ಕೆಳಗಿಟ್ಟು ಎದುರು ನಿಂತರು. "ಗದರಸ್ರಿ. ನಾ ಏನೂ ಅನ್ನಂಗಿಲ್ಲ."

ರಾಯರು ಧೋತರ ಬಿಗಿದರು. ಎದೆ ಉಬ್ಬಿಸಿದರು. ಇಡೀ ಕಂಪನಿ ಸರ್ಕಾರವನ್ನೇ ಮೈಮೇಲೆ ಆವಾಹಿಸಿಕೊಂಡರು.

"ಯಮುನಾ!"

"ಏನ್ರಿ?"

"ಮುಂಜಾನಿ ಚಹಾಕ್ಕ... ಸಕ್ಕರಿ ಒಂದೀಟು ಕಡಿಮಿ ಆಗೇದೇನೋ... ಅಂದ್ರ, ನನ್ನ ನಾಲಿಗೀನೂ ಇವತ್ತ ಸರಿ ಇಲ್ಲ ಬಿಡು."

ಸುಭೇದಾರರು ಕಂಪನಿಯ ಇಪ್ಪತ್ತೂ ಮಂದಿಯನ್ನು ಒಬ್ಬೊಬ್ಬರನ್ನಾಗಿ ಹತ್ತಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

"ಇರಲಿ ಬಿಡ್ರಿ ರಾಯರ. ಇದಕ್ಕಿಂತ ಅವರು ಓಡೂದ ಛಲೋ ಐತಿ."