ಝುಮಿಯ ಮೈಬಣ್ಣಕ್ಕೆ ಹನ್ನೆರಡು ವರ್ಷ ಒದಗಿದ ತೋಳಿನ ಅಹವಾಲು

ಬರ್ಮಿಂಗ್‌ಹ್ಯಾಮಿನ ‘ಏಳು ಛತ್ರಿ’ ಮಕ್ಕಳ ಪ್ರಕಾಶನದ ಸ್ಥಾಪಕಿ, ಲೇಖಕಿ, ಪ್ಯಾಕಿಂಗ್ ವಿಭಾಗದ ಮುಖ್ಯಸ್ಥೆ ಹಾಗೂ ನನ್ನ ಅಮ್ಮನ ಅಕ್ಕ, ಮಾನ್ಯ ಜೊಹುರಾ ಖಾಲಾ ಅವರೇ,

ಅಸ್ಸಲಾಮು ಅಲೈಕುಂ. ಪತ್ರ ಬರೆಯುತ್ತಿರುವುದಕ್ಕೆ, ಅದೂ ಕಾಲೇಜು ಪತ್ರಿಕೆಯಲ್ಲಿ ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ಫೋನ್ ಮಾಡಿದರೆ ತಾವು “ಊಟ ಆಯ್ತಾ?” ಎಂದು ಕೇಳಿ ಇಟ್ಟುಬಿಡುತ್ತೀರಿ.

ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಿದ್ದ ತಾವು, ನಮ್ಮ ಹಾಗೆ ಒಣಮೀನು ತಿನ್ನುವ ಬಂಗಾಳಿ ಮಗು ಒಂದು ಪುಸ್ತಕದಲ್ಲೂ ಇಲ್ಲವಲ್ಲ ಎಂಬ ಸಿಟ್ಟಿಗೆ ಝುಮಿ ಎಂಬ ಹುಡುಗಿಯ ಕಥೆ ಬರೆದಿರಿ. ದೊಡ್ಡ ಪ್ರಕಾಶಕರೊಬ್ಬರು, “ತುಂಬಾ ಮುದ್ದಾಗಿದೆ, ಹುಡುಗಿ ಬದಲು ಮುಳ್ಳುಹಂದಿ ಮಾಡಿದ್ರೆ ಎಲ್ಲ ಮಕ್ಕಳಿಗೂ ಹತ್ತಿರವಾಗುತ್ತೆ” ಎಂದರಂತೆ. ತಾವು ಅಡುಗೆಮನೆಯಲ್ಲೇ ಪ್ರಕಾಶನ ತೆರೆದು ಹನ್ನೊಂದು ಪುಸ್ತಕ ತಂದಿರಿ. ನಾಡೇ ಹೆಮ್ಮೆಪಡಲಿ, ನನ್ನ ತಕರಾರಿಲ್ಲ. ನನ್ನ ದೂರು ತೋಳಿನದು.

ಝುಮಿಯ ಬಣ್ಣ ಪುಟಕ್ಕೊಂದು ಥರ ಬರಬಾರದೆಂದು, ಅಚ್ಚಿಗೆ ಮುನ್ನ ಬಣ್ಣದ ಪಟ್ಟಿಗಳನ್ನು ನನ್ನ ಎಡತೋಳಿಗೆ ಹಿಡಿದು ನೋಡುವುದು ತಮ್ಮ ಪದ್ಧತಿ. ಬೋರ್ಡಿಂಗ್ ಶಾಲೆಗೆ ಉಳಿದವರ ಮನೆಯವರು ಕೇಕ್ ತಂದರೆ, ತಾವು ಪಟ್ಟಿ ತಂದಿರಿ. “ಅಲ್ಲಾಡ್ಬೇಡ್ವೇ! ಝುಮಿ ಮೂಗು ನೇರಳೆಯಾದ್ರೆ ನೀನೇ ಹೊಣೆ!” ಗೋಡೆಗೆ ಬಣ್ಣ ಆರಿಸುವ ಹಾಗಿದೆಯೆಂದು ಗೆಳತಿಯರು ನನಗೆ ‘ಗೋಡೆ’ ಎಂದು ಹೆಸರಿಟ್ಟರು. ಸಹಿಸಿದೆ.

ಈಗ ನ್ಯೂಕಾಸಲ್‌ನಲ್ಲಿ ಕಾಲೇಜಿನ ಮೊದಲ ವರ್ಷ. ಅಕ್ಟೋಬರಿನಿಂದ ಸೂರ್ಯ ರಜೆಯಲ್ಲಿದ್ದಾನೆ, ನನ್ನ ತೋಳು ಬಿಳಿಚಿಕೊಂಡಿದೆ. ತಾವು ಇಲ್ಲಿಗೂ ಬಂದು ಕ್ಯಾಂಟೀನಿನಲ್ಲಿ ಎಲ್ಲರೆದುರು ಪಟ್ಟಿ ಹಿಡಿದು ಹೋದಿರಿ. ಹನ್ನೆರಡನೆಯ ಪುಸ್ತಕದ ಕರಡು ಪ್ರತಿ ನೋಡಿ ತಮ್ಮ ಶಾಲೆಯ ಮಕ್ಕಳು, “ಮಿಸ್, ಝುಮಿಗೆ ಜ್ವರಾನಾ?” ಎಂದು ಕೇಳಿದರಂತೆ. ತಾವು ಅಮ್ಮನಿಗೆ, “ನಿನ್ನ ಮಗಳು ಅವರಪ್ಪನ ಕಡೆ ವಾಲ್ತಿದ್ದಾಳೆ ಕಣೇ, ಈ ಸಲ ನಮ್ಮ ತಮ್ಮ ಶಫೀಕನ ಮಗಳ ತೋಳು ತಗೋತೀನಿ” ಎಂದಿರಂತೆ.

ಖಾಲಾ, ಅಪ್ಪ ಇಂಗ್ಲಿಷರಾದದ್ದು ನನ್ನ ತಪ್ಪೇ? ಇಲ್ಲಿ ದಿನಕ್ಕೆ ಮೂವರು “ಅದ್ಸರಿ, ನಿಜವಾಗ್ಲೂ ಎಲ್ಲಿಯವಳು?” ಎನ್ನುತ್ತಾರೆ. ಬಂಗಾಳಿ ಸಂಘದವರೋ ನನ್ನನ್ನು ಹೊರಗಿನ ಅತಿಥಿಯೆಂದು ಮುಂದಿನ ಕುರ್ಚಿಯಲ್ಲಿ ಕೂರಿಸಿ ಚಹಾ ಕೊಟ್ಟರು. ಆಗೆಲ್ಲ “ಝುಮಿಯ ಬಣ್ಣ ನಂದೇ” ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಅದೂ ಹೋದರೆ ಉಳಿಯುವುದು ಕಾಲೇಜಿನ ಗುರುತಿನ ಚೀಟಿ, ಅದರ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡಿದ್ದೇನೆ.

ಆದ್ದರಿಂದ ಸೂರ್ಯನಿಗೆ ಪ್ರಕಾಶನದ ಲೆಟರ್‌ಹೆಡ್ಡಿನಲ್ಲಿ ನೋಟಿಸ್ ಕಳುಹಿಸಬೇಕಾಗಿ ವಿನಂತಿ. ಅದಾಗದಿದ್ದರೆ, ಝುಮಿಗೂ ಒಂದು ಚಳಿಗಾಲ ಬರಲಿ. ಜನವರಿಯಲ್ಲಿ ತುಸು ಬಿಳಿಚಿ, ಆಗಸ್ಟಿನಲ್ಲಿ ಮತ್ತೆ ಕಂದು ಬಣ್ಣಕ್ಕೆ ತಿರುಗಲಿ. ಮಕ್ಕಳು ಜ್ವರವೇ ಎಂದು ಕೇಳಿದರೆ, ಜ್ವರವಲ್ಲ, ಝುಮಿಯೇ, ಎಂದು ಪುಸ್ತಕದಲ್ಲೇ ಬರೆಯಿರಿ.

ತಮ್ಮ ವಿಶ್ವಾಸಿ,
ರುಮಾನಾ ವಿಟ್‌ಬಿ

ತಾ.ಕ.: ಶಫೀಕ್ ಮಾಮಾನ ಮಗಳ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅವಳು ಕಚ್ಚುತ್ತಾಳೆ ಎಂಬುದನ್ನು ತಮ್ಮ ಕ್ಷೇಮಕ್ಕಾಗಿ ತಿಳಿಸುತ್ತಿದ್ದೇನೆ ಅಷ್ಟೆ. ಪುಸ್ತಕ ಶುಕ್ರವಾರ ಅಚ್ಚಿಗೆ ಹೋಗುತ್ತದೆಯಂತೆ. ದಯವಿಟ್ಟು ಗುರುವಾರದೊಳಗೆ ಉತ್ತರ ಬರೆಯಿರಿ.