ಬರೀ ಅಜ್ಜಿಯ ವಾಫಲ್

ಬೆಳಿಗ್ಗೆ ಎದ್ದು ಮುಖ ತೊಳೆದು, ದೀಪ ಹಚ್ಚಿ, ಒಲೆ ಹಚ್ಚುವ ಮೊದಲು ನಾನು ದೇವರಿಗೆ ಒಂದು ಸಾಲು ಬರೆಯುತ್ತೇನೆ. ಒಂದೇ ಸಾಲು. ಅವನಿಗೆ ನನ್ನಂಥವರು ಬಹಳ ಜನ ಇರುತ್ತಾರೆ, ಎಲ್ಲರೂ ಪುಟಗಟ್ಟಲೆ ಬರೆದರೆ ಅವನು ಓದುವುದು ಯಾವಾಗ? ಗೆರೆ ಹಾಕಿದ ನೋಟ್‌ಬುಕ್ಕಿನ ಮುಂದಿನ ಭಾಗ ಅವನದು, ಹಿಂದಿನ ಭಾಗ ಅಡುಗೆಯದು. ನಡುವೆ ಎಲ್ಲೋ ಎರಡೂ ಎದುರುಬದುರಾದಾಗ ಹೊಸ ನೋಟ್‌ಬುಕ್ಕು ತರುತ್ತೇನೆ. ಜ್ವರ ಬಂದ ದಿನವೂ ಈ ಸಾಲು ತಪ್ಪಿಲ್ಲ. (ಜ್ವರದ ದಿನ ಸಾಲು ಸ್ವಲ್ಪ ಇಳಿಜಾರಾಗಿರುತ್ತದೆ, ಅಷ್ಟೆ.)

ಈ ನೋಟ್‌ಬುಕ್ಕಿನ ಮೇಲೆ ನಮ್ಮ ಯಜಮಾನರಿಗೆ ಮೊದಲಿನಿಂದಲೂ ಕಣ್ಣು. ಅವರು ಪತ್ರಿಕೆಯ ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಮೂವತ್ತೊಂದು ವರ್ಷದಿಂದ ಕೆಂಪು ಪೆನ್ಸಿಲ್ ಹಿಡಿದು ಜಗತ್ತಿನ ತಪ್ಪುಗಳನ್ನೆಲ್ಲ ತಿದ್ದುತ್ತಿದ್ದಾರೆ. ತಪ್ಪು ಕಂಡರೆ ಅವರ ಕೈ ನಿಲ್ಲುವುದಿಲ್ಲ. ಬಸ್ಸಿನ ಟಿಕೆಟ್ಟು, ಔಷಧಿಯ ಚೀಟಿ, ಭಾನುವಾರ ಮನೆಗೆ ಬರುವ ಅಚ್ಚಾಗಿ ಹೋದ ಪತ್ರಿಕೆ, ಯಾವುದನ್ನೂ ಬಿಟ್ಟವರಲ್ಲ. ನಾನೋ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮದುವೆಯಾದ ಮೇಲೆ ಅವರು ತರುತ್ತಿದ್ದ ಕರಡು ಹಾಳೆಗಳನ್ನು ಡಬ್ಬಿಗಳ ಕೆಳಗೆ ಹಾಸುತ್ತಾ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದು ಕಲಿತೆ. ಅವು ಇನ್ನೂ ತಿದ್ದದ ಹಾಳೆಗಳೆಂದು ತಿಳಿಯುವ ಹೊತ್ತಿಗೆ ನನ್ನ ಕಾಗುಣಿತ ಗಟ್ಟಿಯಾಗಿ ಕೂತುಬಿಟ್ಟಿತ್ತು.

"ಒಂದ್ಸಲ ಕೊಡೇ ಅದನ್ನ. ದೀರ್ಘ, ಒತ್ತು ಸರಿ ಮಾಡಿ ವಾಪಸ್ ಕೊಡ್ತೀನಿ," ಎಂದು ಅವರು ಆಗಾಗ ಅಂಗಲಾಚುವುದುಂಟು.

"ಅದು ನಿಮಗೆ ಬರೆದಿದ್ದಲ್ಲ ರೀ. ಓದೋನಿಗೆ ನನ್ನ ಅಕ್ಷರ ಗೊತ್ತು," ಎನ್ನುತ್ತೇನೆ ನಾನು. ಅಲ್ಲಿಗೆ ಮಾತು ಮುಗಿಯುತ್ತದೆ.

ಹೀಗೆ ತೃಪ್ತಿಯಿಂದಿದ್ದ ನನಗೆ ಕಳೆದ ತಿಂಗಳು ಒಂದು ಕೊರಗು ಹತ್ತಿಕೊಂಡಿತು. ಮಗನ ಮಗಳು, ನಮ್ಮ ಗುಬ್ಬಿ, ಏಳು ವರ್ಷದವಳು, ಶಾಲೆಯಲ್ಲಿ ಮನೆಯವರ ಚಿತ್ರ ಬರೆದುಕೊಂಡು ಬಂದಿದ್ದಳು. ಅದರಲ್ಲಿ ಇಬ್ಬರು ಅಜ್ಜಿಯರು. ಒಬ್ಬರ ಕೈಯಲ್ಲಿ ಕಿಟಕಿಯ ಹಾಗೆ ಚೌಕ ಚೌಕವಾಗಿರುವುದೇನೋ ಇತ್ತು.

"ಇವ್ರು ವಾಫಲ್ ಅಜ್ಜಿ," ಎಂದಳು. ಸೊಸೆಯ ತಾಯಿ, ಅಂದರೆ ನಮ್ಮ ಬೀಗಿತ್ತಿ. ಗುಬ್ಬಿ ಹೋದಾಗಲೆಲ್ಲ ಅವರು ಬೆಳಗಿನ ತಿಂಡಿಗೆ ವಾಫಲ್ ಮಾಡುತ್ತಾರಂತೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಒಂದೊಂದು ಗುಳಿಯಲ್ಲೂ ಜೇನುತುಪ್ಪ ನಿಂತಿರುತ್ತದಂತೆ.

"ಮತ್ತೆ ಇದು ಯಾರೇ?" ಎಂದು ಬರಿಗೈಲಿ ನಿಂತ ಇನ್ನೊಂದು ಅಜ್ಜಿಯನ್ನು ತೋರಿಸಿದೆ.

"ನೀನು."

"ನಾನು ಯಾವ ಅಜ್ಜಿ?"

ಗುಬ್ಬಿ ತಲೆ ಓರೆ ಮಾಡಿ ಪ್ರಾಮಾಣಿಕವಾಗಿ ಯೋಚಿಸಿದಳು. "ನೀನು ಬರೀ ಅಜ್ಜಿ."

ಬರೀ ಅಜ್ಜಿ! ಬಿರುದಿಲ್ಲ, ಬಾವಲಿಯಿಲ್ಲ. ಸಕ್ಕರೆ ಹಾಕದ ಹಾಲಿನ ಹಾಗೆ. ಅಸೂಯೆ ಒಳ್ಳೆಯದಲ್ಲ ಎಂದು ನನಗೂ ಗೊತ್ತು. ಮರುದಿನದ ನನ್ನ ಸಾಲು ಅದೇ ಆಗಿತ್ತು: ಅಸೂಯೆ ತೆಗೆದುಬಿಡಪ್ಪಾ, ಆದರೆ ಮೊದಲು ಆ ವಾಫಲ್ ಕಲಿಸು.

ಯಂತ್ರ ನಮ್ಮ ಮನೆಯಲ್ಲೇ ಇತ್ತು. ಯಜಮಾನರು ಮೂವತ್ತು ವರ್ಷ ಸೇವೆ ಮುಗಿಸಿದಾಗ ಅಚ್ಚುಕೂಟದವರು, ಏನು ಬೇಕು ಕೇಳಿ, ಕೊಡಿಸುತ್ತೇವೆ ಎಂದಿದ್ದರು. ಇವರು ದೊಡ್ಡ ನಿಘಂಟು ಕೇಳಿದ್ದರು. ಕೊಟ್ಟಿದ್ದು ವಾಫಲ್ ಮಷೀನು. ಪುಸ್ತಕದ ಹಾಗೆ ತೆರೆದು ಮುಚ್ಚುತ್ತದೆ, ಹಾಗಾಗಿ ಮಾತು ತಪ್ಪಿದ್ದಾರೆ ಎನ್ನುವಂತಿಲ್ಲ. ಅದು ಒಂದು ವರ್ಷದಿಂದ ಅಟ್ಟದ ಮೇಲೆ ಅಜ್ಞಾತವಾಸದಲ್ಲಿತ್ತು.

ಮೊನ್ನೆ ಶನಿವಾರ ಸಂಜೆ ಮಗ ಸೊಸೆ ಗುಬ್ಬಿಯನ್ನು ಎರಡು ದಿನದ ಮಟ್ಟಿಗೆ ನಮ್ಮಲ್ಲಿ ಬಿಟ್ಟು ಕೆಲಸದ ಮೇಲೆ ಹೋದರು. ಬಾಗಿಲು ಮುಚ್ಚಿದ್ದೇ ತಡ, ನಾನು ಘೋಷಿಸಿದೆ: "ಗುಬ್ಬೀ, ನಾಳೆ ತಿಂಡಿಗೆ ವಾಫಲ್!"

"ನಿಂಗೆ ಬರುತ್ತಾ?"

"ಓಹೋ," ಎಂದೆ. (ಸುಳ್ಳಲ್ಲ. ಓಹೋ ಎಂದರೆ ಹೌದು ಎಂದೇನೂ ಅಲ್ಲವಲ್ಲ.)

ಅಡುಗೆಮನೆಯ ಬಾಗಿಲು ಹಾಕಿಕೊಂಡು ಬೀಗಿತ್ತಿಗೆ ಫೋನ್ ಮಾಡಿದೆ. ನನಗೊಂದು ದೌರ್ಬಲ್ಯವಿದೆ. ಯಾರಾದರೂ ಮಾತಾಡಲು ಶುರು ಮಾಡಿದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಹಾಲಿನವನಿಂದ ಹಿಡಿದು ಮೇಲಿನ ಮನೆಯ ದಂತವೈದ್ಯರವರೆಗೆ ಎಲ್ಲರೂ ತಮ್ಮ ಕಷ್ಟವನ್ನು ನನ್ನ ಹತ್ತಿರವೇ ಹೇಳಿಕೊಳ್ಳುತ್ತಾರೆ. ಬೀಗಿತ್ತಿಯೂ ಹೇಳಿದರು.

"ತುಂಬಾ ಸುಲಭ ಅಕ್ಕಾ, ಬರ್ಕೊಳ್ಳಿ. ಒಂದು ಲೋಟ ಮೈದಾ. ಅಯ್ಯೋ, ಈ ಮೊಣಕಾಲು ನೋಡಿ, ನಿನ್ನೆಯಿಂದ ಮಡಚೋಕೇ ಆಗ್ತಿಲ್ಲ. ಎರಡು ಚಮಚ ಸಕ್ಕರೆ. ಡಾಕ್ಟರು ಏನಂದ್ರು ಗೊತ್ತಾ? ಚಿಟಿಕೆ ಉಪ್ಪು. ಎಣ್ಣೆ ಹಚ್ಚಿ ಅಂದ್ರು. ಅದನ್ನ ಹೇಳೋಕೆ ಡಾಕ್ಟರು ಯಾಕ್ರೀ ಬೇಕು? ಅರ್ ಚಮಚ ಬೇಕಿಂಗ್ ಪೌಡರ್. ನಮ್ಮೋರಿಗೆ ಅಂತೂ ನನ್ನ ಕಾಲಿನ ಯೋಚನೇನೇ ಇಲ್ಲ..."

ಮುಕ್ಕಾಲು ಗಂಟೆಯ ಮಾತಿನಲ್ಲಿ ವಾಫಲ್ ಇದ್ದದ್ದು ಮೂರು ನಿಮಿಷ. ಆದರೂ ಒಂದನ್ನೂ ಬಿಡದೆ ಬರೆದುಕೊಂಡೆ. ಒಂದು ಮೊಟ್ಟೆ, ಒಂದು ಲೋಟ ಹಾಲು, ಕರಗಿಸಿದ ಬೆಣ್ಣೆ, ಹಬೆ ನಿಂತ ಮೇಲೆ ಮುಚ್ಚಳ ತೆಗೆಯುವುದು. (ಮೊಣಕಾಲಿಗೆ ಯಾವ ಎಣ್ಣೆ ಎಂದೂ ಪಕ್ಕದಲ್ಲೇ ಬರೆದುಕೊಂಡೆ.)

ಭಾನುವಾರ ಬೆಳಿಗ್ಗೆ ದೀಪ ಹಚ್ಚಿದೆ. ದೇವರಿಗೆ ಬರೆಯಬೇಕಾದ ಸಾಲು ಆ ದಿನ ಹುಡುಕುವ ಹಾಗೇ ಇರಲಿಲ್ಲ. ಇವತ್ತಿನ ವಾಫಲ್ ಚೆನ್ನಾಗಿ ಆಗಲಿ ತಂದೆ, ಎಂದು ಬರೆದು ಕಣ್ಣಿಗೊತ್ತಿಕೊಂಡು ಎದ್ದೆ. ಗುಬ್ಬಿ ಆಗಲೇ ಅಡುಗೆಕಟ್ಟೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದಳು. ಯಜಮಾನರು ಊಟದ ಮೇಜಿನ ಮುಂದೆ ಪತ್ರಿಕೆ ಹರಡಿಕೊಂಡು ತಪ್ಪಿನ ಬೇಟೆಯಲ್ಲಿದ್ದರು.

ಮೈದಾ ಬಿತ್ತು, ಸಕ್ಕರೆ ಬಿತ್ತು, ಉಪ್ಪು ಬಿತ್ತು. ಮುಂದಿನ ಸಾಲಿಗೆ ಬಂದು ನಿಂತೆ. ನನ್ನ ಕೈಬರಹದಲ್ಲಿ ಸ್ಪಷ್ಟವಾಗಿ ಹೀಗಿತ್ತು: ಅರು ಚಮಚ ಬೇಕಿಂಗ್ ಪೌಡರ್.

"ರೀ," ಎಂದು ಕೂಗಿದೆ, "ಅರು ಅಂತ ಬರೆದ್ರೆ ಏನ್ರೀ ಅರ್ಥ?"

"ಅರು ಅಂತ ಪದವೇ ಇಲ್ಲ. ದೀರ್ಘ ಬಿಟ್ಟಿದ್ದೀಯ. ಆರು," ಎಂದರು ತಲೆಯೆತ್ತದೆ.

"ಖಂಡಿತಾನಾ?"

"ಮೂವತ್ತೊಂದು ವರ್ಷ ಆಯ್ತು ಕಣೇ."

ಮೂವತ್ತೊಂದು ವರ್ಷದ ಅನುಭವದ ಮುಂದೆ ನನ್ನದೇನು? ಊಟದ ಚಮಚ ತೆಗೆದುಕೊಂಡು, ಗುಬ್ಬಿ ಗಟ್ಟಿಯಾಗಿ ಎಣಿಸುತ್ತಿರಲು, ಆರು ಚಮಚ ತುಂಬಿ ತುಂಬಿ ಹಾಕಿದೆ. ಹಾಲು, ಮೊಟ್ಟೆ, ಬೆಣ್ಣೆ ಸೇರಿಸಿ ಕಲಸಿದೆ. ಹಿಟ್ಟು ಬಟ್ಟಲಲ್ಲೇ ಸಣ್ಣಗೆ ಗೊಣಗಲು ಶುರು ಮಾಡಿತು. ಹೊಸ ಪದಾರ್ಥ, ಅದರ ಸ್ವಭಾವ ಹೀಗಿರಬಹುದು ಎಂದುಕೊಂಡೆ. ಅದನ್ನೂ ಸಮಾಧಾನದಿಂದಲೇ ಕೇಳಿಸಿಕೊಂಡೆ.

ಕಾದ ಯಂತ್ರಕ್ಕೆ ದೊಡ್ಡ ಸೌಟಿನಲ್ಲಿ ಎರಡು ಸೌಟು ಹುಯ್ದು ಮುಚ್ಚಳ ಮುಚ್ಚಿದೆ. ಐದಾರು ಕ್ಷಣ ಶಾಂತಿ. ಆಮೇಲೆ ಮುಚ್ಚಳ ತಾನಾಗಿ ಎದ್ದಿತು, ಆಕಳಿಸಿದ ಹಾಗೆ. ಬದಿಗಳಿಂದ ಬೆಳ್ಳಗೆ ಹಿಟ್ಟು ಉಕ್ಕಿ ಹೊರಬಂತು. ನಾನು ಮುಚ್ಚಳ ಒತ್ತಿ ಹಿಡಿದೆ. ಅದು ಇನ್ನೊಂದು ಕಡೆಯಿಂದ ಬಂತು. ಕಟ್ಟೆಯ ಮೇಲೆ ಹರಿಯಿತು, ಉಪ್ಪಿನ ಡಬ್ಬಿಯನ್ನು ಸುತ್ತುವರಿಯಿತು, ಅಂಚು ತಲುಪಿ ಒಂದು ಕ್ಷಣ ಯೋಚಿಸಿ, ಕೆಳಗೆ ಧುಮುಕಿತು.

"ಅಜ್ಜೀ! ವಾಫಲ್ ನಡ್ಕೊಂಡು ಹೋಗ್ತಿದೆ!" ಗುಬ್ಬಿ ಸ್ಟೂಲಿನ ಮೇಲೆ ನಿಂತು ಕುಣಿಯತೊಡಗಿದಳು.

"ಪ್ಲಗ್ ಕೀಳ್ರೀ!" ಎಂದು ನಾನು.

"ಯಾವ ಪ್ಲಗ್ಗು?" ಎಂದು ಅವರು ಓಡಿ ಬಂದು ಫ್ರಿಜ್ಜಿನದನ್ನು ಕಿತ್ತರು. ಆಮೇಲೆ ದೀಪದ ಸ್ವಿಚ್ಚು ಆರಿಸಿದರು. ಕೊನೆಗೆ ಸರಿಯಾದದ್ದು ಸಿಕ್ಕಿತು. ಅಷ್ಟರಲ್ಲಿ ಯಂತ್ರವಿದ್ದ ಜಾಗದಲ್ಲಿ ಹೊಗೆಯಾಡುವ ಒಂದು ಬೆಟ್ಟವಿತ್ತು.

ನಾನು ಒಂದು ತುಣುಕು ಮುರಿದು ಬಾಯಿಗಿಟ್ಟೆ. ಗೋಡೆ ನೆಕ್ಕಿದ ಹಾಗಿತ್ತು, ಅದೂ ಕಹಿ ಗೋಡೆ.

"ಏನು ಹಾಕಿದೆ ಇದಕ್ಕೆ?" ಎಂದರು ಯಜಮಾನರು, ಮೊಣಕೈಯಿಂದ ಹಿಟ್ಟು ಒರೆಸಿಕೊಳ್ಳುತ್ತಾ.

"ನೀವು ಹೇಳಿದ್ದನ್ನೇ. ಆರು ಚಮಚ!"

"ಆರು ಚಮಚ ಅಂತ ನಾನೆಲ್ಲೇ ಹೇಳ್ದೆ? ನಾನು ತಿದ್ದಿದ್ದು ಅಕ್ಷರಾನ, ಚಮಚಾನ ಅಲ್ಲ!"

"ಯಾವುದಕ್ಕೆ ಅಂತ ಒಂದು ಮಾತು ಕೇಳ್ಬಾರ್ದಿತ್ತಾ?"

"ಕರಡು ತಿದ್ದೋನು ಅರ್ಥ ನೋಡಬಾರದು. ಅರ್ಥ ನೋಡ್ತಾ ಕೂತ್ರೆ ತಪ್ಪು ಕಣ್ಣಿಗೆ ಬೀಳಲ್ಲ."

"ಅದಕ್ಕೇ ಈ ಮನೇಲಿ ಅರ್ಥ ಇಲ್ಲದೇ ಇರೋದೆಲ್ಲ ಸರಿಯಾಗಿದೆ!" ಎಂದೆ. (ಆಮೇಲೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಅವರನ್ನಲ್ಲ, ಮೇಲಿನವನನ್ನು.)

ನಾವು ಹೀಗೆ ವ್ಯಾಕರಣ ಚರ್ಚೆಯಲ್ಲಿದ್ದಾಗ ಗುಬ್ಬಿ ನನ್ನ ಫೋನ್ ತೆಗೆದುಕೊಂಡು, ನಾನು ಯಾರಿಗೆ ತಿಳಿಯಬಾರದೆಂದಿದ್ದೆನೋ ಅವರಿಗೇ ಸುದ್ದಿ ಮುಟ್ಟಿಸುತ್ತಿದ್ದಳು.

"ವಾಫಲ್ ಅಜ್ಜೀ, ಇಲ್ಲಿ ಎಷ್ಟು ಚೆನ್ನಾಗಿ ಉಕ್ತು ಗೊತ್ತಾ? ನಿಮ್ಮದು ಯಾಕೆ ಉಕ್ಕಲ್ಲ? ಅಜ್ಜಿ ಆರು ಚಮಚ ಹಾಕಿದ್ರು!"

ಫೋನಿನಿಂದ ಬಂದ ಕೂಗು ನನಗೆ ನಿಂತಲ್ಲಿಗೇ ಕೇಳಿಸಿತು. "ಆರಾ! ಅಯ್ಯೋ ಅಕ್ಕಾ, ನಾನಂದಿದ್ದು ಅರ್ಧ! ಅರೆ ಚಮಚ! ಹೇಳಿ ಕಳಿಸಿದ್ರೆ ನಾನೇ ಮಾಡಿ ತಂದುಕೊಡ್ತಿದ್ದೆ..."

ಭೂಮಿ ಬಾಯಿ ಬಿಡಲಿ ಎನ್ನಿಸಿತು. ಆದರೆ ಅಲ್ಲೂ ಹಿಟ್ಟು ತುಂಬಿತ್ತು.

ಡಬ್ಬಿಯಲ್ಲಿ ಇನ್ನೊಂದೇ ಲೋಟ ಮೈದಾ ಉಳಿದಿತ್ತು. ಮೊಟ್ಟೆಯೂ ಒಂದೇ. ಈ ಸಲ ಕೆಟ್ಟರೆ ನಾನು ಜೀವಮಾನವಿಡೀ ಬರೀ ಅಜ್ಜಿ. ಯಜಮಾನರು ಯಂತ್ರದ ಗುಳಿಗಳಿಂದ ಅಂಟಿದ್ದನ್ನೆಲ್ಲ ಮರದ ಕಡ್ಡಿಯಿಂದ ಒಂದೊಂದಾಗಿ ತೆಗೆದರು. (ತಪ್ಪು ಹೆಕ್ಕುವುದರಲ್ಲಿ ಅವರ ಕೈ ಕೈಯೇ, ಒಪ್ಪಿಕೊಳ್ಳಬೇಕು.) ನಾನು ಬೇಕಿಂಗ್ ಪೌಡರನ್ನು ಅರ್ಧ ಚಮಚಕ್ಕೆ ಚಾಕುವಿನ ಬೆನ್ನಿನಿಂದ ಸಮ ಮಾಡಿ ಹಾಕಿದೆ. ಕಲಸಿ, ಹುಯ್ದು, ಮುಚ್ಚಿದೆ. ಮೂವರೂ ಉಸಿರು ಹಿಡಿದು ನಿಂತೆವು. ಹಬೆ ಬಂತು, ಜೋರಾಯಿತು, ಸಣ್ಣಗಾಯಿತು, ನಿಂತಿತು. ಮುಚ್ಚಳ ತೆಗೆದರೆ ಹೊಂಬಣ್ಣದ ವಾಫಲ್! ಒಂದು ಮೂಲೆ ಸ್ವಲ್ಪ ಸೊಟ್ಟಗಿತ್ತು. ಗುಳಿಗಳೆಲ್ಲ ಸಾಲಾಗಿ ಜೇನುತುಪ್ಪಕ್ಕೆ ಬಾಯಿ ತೆರೆದು ಕಾದಿದ್ದವು.

ಹಿಟ್ಟು ಮುಗಿಯುವವರೆಗೆ ಹೀಗೇ ಒಂದೊಂದಾಗಿ ಮಾಡಿದೆ. ಗುಬ್ಬಿ ಮೂರು ತಿಂದಳು. ಯಜಮಾನರು ಎರಡು ತಿಂದು, ಮೂರನೆಯದಕ್ಕೆ ಕೈ ಹಾಕಿ, ನನ್ನ ಮುಖ ನೋಡಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದರು. "ಅರೆ," ಎಂದರು ಮೆಲ್ಲಗೆ. ನನಗೂ ನಗು ತಡೆಯಲಾಗಲಿಲ್ಲ.

ಇದೇ ಸುಮುಹೂರ್ತ ಎಂದು ಗಂಟಲು ಸರಿಮಾಡಿಕೊಂಡು ಕೇಳಿದೆ. "ಗುಬ್ಬೀ, ಈಗ ಹೇಳು. ನಾನು ಯಾವ ಅಜ್ಜಿ?"

ಗುಬ್ಬಿ ನನ್ನ ಮಾತು ಕೇಳಿಸಿಕೊಂಡಿದ್ದರೆ ತಾನೆ! ಅವಳ ಕಣ್ಣು ಇನ್ನೂ ನೆಲದ ಮೇಲಿದ್ದ ಹಿಟ್ಟಿನ ಕೆರೆಯ ಮೇಲಿತ್ತು. ತುಂಬಿದ ಬಾಯಲ್ಲೇ ಹೇಳಿದಳು. "ಬರೀ ಅಜ್ಜಿ!"

ನನ್ನ ಕೈಯಲ್ಲಿದ್ದ ತುಂಡು ಕೈಯಲ್ಲೇ ಉಳಿಯಿತು. ಇಷ್ಟೆಲ್ಲ ಆದ ಮೇಲೂ!

"ಅಯ್ಯೋ, ಬರೀ ಅಜ್ಜೀ, ಬೇಗ!" ಅವಳು ಸ್ಟೂಲಿನಿಂದ ಜಿಗಿದು ನೋಟ್‌ಬುಕ್ಕನ್ನೂ ಪೆನ್ನನ್ನೂ ತಂದು ನನ್ನ ಕೈಗೆ ತುರುಕಿದಳು. "ಆಮೇಲೆ ಮರ್ತುಬಿಡ್ತೀಯ. ಆರು ಚಮಚ ಅಂತ ದೊಡ್ಡದಾಗಿ ಬರೀ! ನೆಕ್ಸ್ಟ್ ಟೈಮ್ ಫ್ರೆಂಡ್ಸ್‌ನೆಲ್ಲ ಕರ್ಕೊಂಡು ಬರ್ತೀನಿ. ಹೀಗೇ ಉಕ್ಕಬೇಕು. ವಾಫಲ್ ಅಜ್ಜಿ ಮನೇಲಿ ಬರೀ ತಿನ್ನೋದಷ್ಟೇ!"

ಅಷ್ಟು ಹೊತ್ತು ಬೆವರು ಸುರಿಸಿ ಮಾಡಿದ ಒಳ್ಳೆಯ ವಾಫಲ್‌ಗೆ ಒಂದು ಮಾತಿನ ಹೊಗಳಿಕೆಯೂ ಇಲ್ಲ. ನೆಲದ ಮೇಲೆ ಹೋದದ್ದಕ್ಕೆ ಮುಂದಿನ ಸಲಕ್ಕೂ ಕರೆ ಬಂದಿತ್ತು. ಒರೆಸಬೇಕಾದವಳು ಯಾರು ಎಂಬ ಪ್ರಶ್ನೆ ಯಾರ ತಲೆಗೂ ಬರಲಿಲ್ಲ.

ಗಡಿಬಿಡಿಯಲ್ಲಿ ನೋಟ್‌ಬುಕ್ಕು ಮುಂದಿನ ಕಡೆಯಿಂದ ತೆರೆದುಕೊಂಡಿತ್ತು. ಯಜಮಾನರ ಕಣ್ಣು, ಮೂವತ್ತೊಂದು ವರ್ಷ ಪಳಗಿದ ಕಣ್ಣು, ನನ್ನ ಹೆಗಲ ಮೇಲಿಂದ ಹಾದು ಬೆಳಗಿನ ಸಾಲಿನ ಮೇಲೆ ಬಿತ್ತು. ಅವರು ಒಮ್ಮೆ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ನಗಲು ಶುರು ಮಾಡಿದರು, ಸದ್ದೇ ಬರದ ಹಾಗೆ, ಹೊಟ್ಟೆ ಹಿಡಿದುಕೊಂಡು.

"ಏನ್ರೀ ಅದು?"

ಅವರು ಬೆರಳಿಟ್ಟು ತೋರಿಸಿದರು. ನಾನು ಓದಿದೆ. ವಾಫಲ್ ನನಗೆ ಹೊಸ ಪದ. ನಾನು ಅಕ್ಷರ ಕಲಿತ ಪತ್ರಿಕೆಯ ಹಾಳೆಗಳಲ್ಲಿ ಅದು ಎಲ್ಲೂ ಇರಲಿಲ್ಲ. ಅಲ್ಲಿ ದಿನವೂ ಇರುತ್ತಿದ್ದದ್ದು ಮಾತುಕತೆ ವಿಫಲ, ಯತ್ನ ವಿಫಲ, ಸಂಧಾನ ವಿಫಲ. ಕೈ ತನಗೆ ಗೊತ್ತಿದ್ದ ದಾರಿಯಲ್ಲೇ ಹೋಗಿತ್ತು. ನನ್ನ ಮುದ್ದಾದ ಅಕ್ಷರದಲ್ಲಿ ಹೀಗೆ ಬರೆದಿತ್ತು:

ಇವತ್ತಿನ ವಿಫಲ ಚೆನ್ನಾಗಿ ಆಗಲಿ ತಂದೆ.

"ಅಕ್ಷರಶಃ ನಡೆಸಿಕೊಟ್ಟಿದ್ದಾನೆ ಕಣೇ!" ಎಂದರು ಅವರು, ಕಣ್ಣೀರು ಒರೆಸಿಕೊಳ್ಳುತ್ತಾ. "ಇಷ್ಟು ಚೆನ್ನಾಗಿ ವಿಫಲ ಆಗಿದ್ದನ್ನ ನಾನು ಯಾವ ಪತ್ರಿಕೇಲೂ ನೋಡಿಲ್ಲ!"

ಓದೋನಿಗೆ ನನ್ನ ಅಕ್ಷರ ಗೊತ್ತು ಎಂದು ಇಷ್ಟು ವರ್ಷ ಜಂಬ ಕೊಚ್ಚಿಕೊಂಡವಳು ನಾನು. ಗೊತ್ತಿತ್ತು, ನಿಜ. ಒಂದು ಅಕ್ಷರವನ್ನೂ ಬಿಡದೆ ಓದಿದ್ದ.

ಯಜಮಾನರು ಕಿವಿಯ ಹಿಂದಿನ ಕೆಂಪು ಪೆನ್ಸಿಲ್ ತೆಗೆದರು. ದನಿ ಮೆತ್ತಗಾಯಿತು. "ನೋಡು, ಇನ್ಮೇಲೆ ದಿನಾ ಬೆಳಿಗ್ಗೆ ಮೊದಲು ನನಗೆ ತೋರ್ಸು. ಎರಡೇ ನಿಮಿಷ. ಒಂದು ಕಣ್ಣು ಹಾಯಿಸಿ ಕೊಡ್ತೀನಿ, ಆಮೇಲೆ ಅವನಿಗೆ ಕಳಿಸು. ನಿನ್ನ ಮೇಲಾಣೆ, ನಗೋದಿಲ್ಲ."

ಗುಬ್ಬಿ ನೆಲದ ಮೇಲೆ ಕೂತು, ಉಕ್ಕಿ ಬಿದ್ದ ಹಿಟ್ಟಿನಲ್ಲಿ ಬೆರಳಿಂದ ಇಬ್ಬರು ಅಜ್ಜಿಯರ ಚಿತ್ರ ಬರೆಯುತ್ತಿದ್ದಳು. ಒಬ್ಬ ಅಜ್ಜಿಯ ಎರಡೂ ಕೈಯಿಂದ ಏನೋ ಚಿಮ್ಮುತ್ತಿತ್ತು, ಅಡುಗೆಮನೆಯ ಗೋಡೆಯವರೆಗೂ.

ನಾನು ನೋಟ್‌ಬುಕ್ಕು ಮುಚ್ಚಿ ಸೆರಗಿನಡಿ ಇಟ್ಟುಕೊಂಡೆ.

"ಬೇಡ ರೀ," ಎಂದೆ. "ನೀವು ತಿದ್ದಿದ್ರೆ ಇವತ್ತು ಬರೀ ವಾಫಲ್ ಆಗ್ತಿತ್ತು, ಅಷ್ಟೆ."