ಹೆಮ್ಮಿಗೆ ತಪ್ಪಿಸಿದ ಪ್ರವಾಸ

ನಮ್ಮ ಮದುವೆಯಾಗಿ ಹನ್ನೆರಡು ವರ್ಷ. ಈ ಅವಧಿಯಲ್ಲಿ ಕೈಗೊಂಡ ಪ್ರವಾಸಗಳು ಒಂಬತ್ತು. ನಿಜವಾಗಿ ತಲುಪಿದ ಸ್ಥಳಗಳು ಎರಡು. ಉಳಿದ ಏಳೂ ದಾರಿಯಲ್ಲಿ ಸಿಕ್ಕ ನೆಂಟರ ಮನೆಯಲ್ಲೇ ಮುಗಿದವು. ನಂಜನಗೂಡಿನಿಂದ ಯಾವ ದಿಕ್ಕಿಗೆ ಹೊರಟರೂ ಹದಿನೈದು ಕಿಲೋಮೀಟರಿಗೆ ಒಬ್ಬರಂತೆ ನನ್ನ ಹೆಂಡತಿ ಸರ್ವಮಂಗಳಾಳ ಕಡೆಯವರಿದ್ದಾರೆ. ಅವರ ಮನೆಯಲ್ಲಿ ಉಣ್ಣದೆ ಅವರ ಊರು ದಾಟುವುದು ಮಹಾಪರಾಧ. ಉಂಡ ಮೇಲೆ ಊರು ದಾಟುವುದು ಶರೀರಕ್ಕೆ ಅಸಾಧ್ಯ.

2008ರ ಬೇಸಿಗೆಯಲ್ಲಿ, ನಮ್ಮ ಕಾರ್ಖಾನೆಯ ಪ್ರಯೋಗಾಲಯದ ಸಿದ್ದರಾಜು ಆರ್ಕುಟ್‌ನಲ್ಲಿ ತಲಕಾಡಿನ ಇಪ್ಪತ್ತಾರು ಫೋಟೋ ಏರಿಸಿದ. ನೆಟ್ ಸೆಂಟರಿನಲ್ಲಿ ಎರಡು ಸಂಜೆ ಕೂತು ಅವನ್ನು ಅಭ್ಯಾಸ ಮಾಡಿದೆ. ಏಳನೆಯದರಲ್ಲಿ ಸಿದ್ದರಾಜು ಹೊಳೆಯಲ್ಲಿ ನಿಂತಿದ್ದ, ನೀರು ಮೊಣಕಾಲಿಗೆ. ಅವನ ಎತ್ತರ ಐದಡಿ ಐದಂಗುಲ. ಆದ್ದರಿಂದ ಆಳ ಒಂದೂವರೆ ಅಡಿ. ನಮ್ಮ ಮಗಳು ಶ್ವೇತಾಳಿಗೆ ಅಪಾಯವಿಲ್ಲ. ಹನ್ನೊಂದನೆಯದರಲ್ಲಿ ಮರದ ನೆರಳು ಬಿದ್ದ ಕಡೆ ನೋಡಿ ಬುತ್ತಿ ಬಿಚ್ಚುವ ಜಾಗ ಗೊತ್ತುಮಾಡಿದೆ. (ವಿಜ್ಞಾನ ಓದಿದ್ದು ಸಂಬಳಕ್ಕೆ ಮಾತ್ರವೇ?)

ಅಡ್ಡಿ ಒಂದೇ. ನಮ್ಮ ಬಸ್ಸು ಹೆಮ್ಮಿಗೆಯ ಮೇಲೆ ಹೋಗುತ್ತಿತ್ತು. ಅಲ್ಲಿ ಸರ್ವಮಂಗಳಾಳ ಚಿಕ್ಕಮ್ಮ ಮಂಗಳಮ್ಮನವರಿದ್ದರು. ತಾಯಿಯಿಲ್ಲದ ಇವಳಿಗೆ ಬಾಣಂತನ ಮಾಡಿದವರು.

"ಅವ್ರಿಗೆ ಗೊತ್ತಾದ್ರೆ ನಾನು ಮತ್ತೆ ಅವ್ರ ಮುಖ ನೋಡಕ್ಕಾಗಲ್ಲ ಕಣ್ರೀ. ನಂಗಿರೋದು ಅದೊಂದೇ ತವರು" ಎಂದಳು ಸರ್ವಮಂಗಳಾ.

ಗೊತ್ತಾಗುವ ಸಂಭವನೀಯತೆ ಶೂನ್ಯ ಎಂದು ನಾನು ಪ್ರಮಾಣೀಕರಿಸಿದೆ.

ಪ್ರವಾಸ ದಿವ್ಯವಾಗಿ ನಡೆಯಿತು. ಹೆಮ್ಮಿಗೆ ಬಂದಾಗ ಮೂವರೂ ಸೀಟಿನಡಿಗೆ ಬಗ್ಗಿ, ಕಾಲಲ್ಲೇ ಇದ್ದ ಚಪ್ಪಲಿ ಹುಡುಕಿದೆವು. ಹೊಳೆಯ ಆಳ ನನ್ನ ಲೆಕ್ಕಕ್ಕಿಂತ ಎರಡಂಗುಲ ಮಾತ್ರ ಹೆಚ್ಚಿತ್ತು. ಮರದ ನೆರಳಲ್ಲಿ ಚಿತ್ರಾನ್ನ ತಿನ್ನುತ್ತ ಸರ್ವಮಂಗಳಾ ನಕ್ಕಳು. ಅದರ ಫೋಟೋವನ್ನೂ ತೆಗೆದೆ.

ಮರುದಿನ ಮೂವತ್ತೊಂದು ಚಿತ್ರಗಳನ್ನು ದಿನಾಂಕ, ಸಮಯ, ಸ್ಥಳ ಸಮೇತ ಆರ್ಕುಟ್‌ಗೆ ಏರಿಸಿದೆ. ಅಲ್ಲಿ ನನಗೆ ಹದಿನಾಲ್ಕು ಜನ ಸ್ನೇಹಿತರು. ಅವರಲ್ಲೊಬ್ಬರ ಮುಖದ ಜಾಗದಲ್ಲಿ ಕೆಂಪು ಗುಲಾಬಿ ಇತ್ತು. ಯಾರೋ ತೋಟಗಾರಿಕೆಯ ಆಸಕ್ತರು ಎಂದುಕೊಂಡಿದ್ದೆ. ಮೂರನೇ ದಿನ ಗುಲಾಬಿ ಬರೆಯಿತು: "ಭಾವ, ನಾನು ಹೆಮ್ಮಿಗೆ ಬಿಂದುಶ್ರೀ. ಅಮ್ಮನ್ನ ನರಸೀಪುರದ ನೆಟ್ ಸೆಂಟರ್‌ಗೆ ಕರ್ಕೊಂಡ್ಬಂದು ಎಲ್ಲ ಫೋಟೋನೂ ತೋರಿಸ್ದೆ."

ಮಂಗಳಮ್ಮನವರ ಮಗಳು.

ಸರ್ವಮಂಗಳಾ ಬೈಯಲಿಲ್ಲ; ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಟ್ಟೆ ಇಡುತ್ತಿದ್ದಳು, ಎತ್ತುತ್ತಿದ್ದಳು. ಹೆಮ್ಮಿಗೆಗೆ ಫೋನು ಮಾಡಲು ಹೋಗಿ ಎರಡು ಸಲ ಅರ್ಧಕ್ಕೇ ಇಟ್ಟಳು. ಅವಳ ಕಣ್ಣು ಕೆಂಪಗಿದ್ದುದನ್ನು ನೋಡಿ ನನ್ನ ವಿಜ್ಞಾನವೆಲ್ಲ ಇಳಿಯಿತು. ಭಾನುವಾರ ಬೆಳಗ್ಗೆ ರಸಬಾಳೆ ಚಿಪ್ಪು ಹಿಡಿದು ಕ್ಷಮೆ ಕೇಳಲು ಹೊರಟೆವು.

ಮಂಗಳಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದರು. ಅವರ ಯಜಮಾನರು ಶಿವಮಲ್ಲಪ್ಪ ಜಗುಲಿಯ ಮೇಲಿದ್ದರು. ನನ್ನನ್ನು ಕಂಡು ಎದ್ದವರು ಟವೆಲು ಹೆಗಲಿಗೆ ಹಾಕಿಕೊಂಡರು. ನಾನು ಎರಡು ರಾತ್ರಿ ಸಿದ್ಧಪಡಿಸಿದ್ದ ಕ್ಷಮಾಪಣೆಯ ಮೊದಲ ವಾಕ್ಯ ಆರಂಭಿಸುವಷ್ಟರಲ್ಲಿ ಸರ್ವಮಂಗಳಾ ಅತ್ತೇಬಿಟ್ಟಳು.

"ಅಯ್ಯೋ, ಯಾಕವ್ವ ಅಳ್ತೀಯೆ?" ಮಂಗಳಮ್ಮ ಮೊರ ಕೆಳಗಿಟ್ಟರು. "ಪೋಟಾ ನೋಡ್ದೆ. ನೀನು ನಗೋದು ನೋಡಿ ಎಷ್ಟು ವರ್ಸಾಗಿತ್ತು. ನಾನೂ ಒಂದು ಮಾತು ನಿಂಗೆ ಎಂಗೆ ಏಳೋದು ಅಂತ ಸುಮ್ನಿದ್ದೆ. ನೀನು ಯಾವಾಗಾದ್ರೂ ಬಾ, ನಿನ್ನ ಮನೆ. ಆದ್ರೆ ಅಳಿಯಂದ್ರು ಬತ್ತಾರೆ ಅಂದ್ರೆ ಎರಡು ದಿನ ಒಬ್ಬಟ್ಟು, ಅಪ್ಪಳ ಅಂತ ನನ್ನ ಸೊಂಟ ಬಿದ್ದೋಯ್ತದೆ. ನಿಮ್ಮ ಚಿಕ್ಕಪ್ಪ ಮನೇಲಿ ನಿಲ್ಲಕಿಲ್ಲ. ಓದ್ಸಲ ನಮ್ಮ ಬಾವಿ ನೀರಲ್ಲಿ ಸುಣ್ಣ ಎಷ್ಟದೆ ಅಂತ ಅಳಿಯಂದ್ರು ಮೂರು ಗಂಟೆ ಪಾಠ ಮಾಡುದ್ರಲ್ಲ, ಆವತ್ತಿಂದ ಅವ್ರು ಆ ನೀರೇ ಕುಡೀದಿಲ್ಲ."

ಶಿವಮಲ್ಲಪ್ಪ ನೆಲ ನೋಡಿದರು.

"ಇನ್ಮೇಲೆ ಪೋಟಾ ಆಕ್ಬುಡಿ ಸಾಕು" ಎಂದು ಮಂಗಳಮ್ಮ ನನ್ನತ್ತ ತಿರುಗಿದರು. "ಬಂದೋದಂಗೇ ಲೆಕ್ಕ."

ಸರ್ವಮಂಗಳಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಅಷ್ಟು ದಿನದಿಂದ ಎದೆಯ ಮೇಲಿದ್ದ ಚಪ್ಪಡಿ ಜಾರಿಬಿತ್ತು. ನಿಜ ಹೇಳುತ್ತೇನೆ, ಅವಮಾನ ನೆನಪಾದದ್ದು ಎರಡನೇ ಲೋಟ ಮಜ್ಜಿಗೆ ಮುಗಿದ ಮೇಲೆ.

ಹೊರಡುವಾಗ ಶಿವಮಲ್ಲಪ್ಪನವರು, ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿದ್ದರೂ, ತಾವೇ ನನ್ನ ಚೀಲ ಹೊತ್ತು ನಿಲ್ದಾಣದವರೆಗೆ ಬಂದರು. ಬಸ್ಸು ಮರೆಯಾಗುವವರೆಗೂ ಕೈ ಬೀಸಿದರು. ಹನ್ನೆರಡು ವರ್ಷದಲ್ಲಿ ಅವರಲ್ಲಿ ಅಷ್ಟು ಪ್ರೀತಿಯನ್ನು ನಾನು ನೋಡಿರಲಿಲ್ಲ.